ಬೆರಿಲ್ ಬರೆದ ಆಕ್ಷೇಪಣೆ

ಇಂಗ್ಲೆಂಡಿನ ಸ್ಟಾಕ್‌ಪೋರ್ಟ್ ಊರಿನ ಔಷಧಿ ಅಂಗಡಿಯ ಸಾಲಿನಲ್ಲಿ ಹಿಲ್ಡಾಳ ಮುಂದೆ ಇಬ್ಬರು ಹೆಂಗಸರು ನಿಂತಿದ್ದರು. ಪಕ್ಕಪಕ್ಕದ ಮನೆಯವರೆಂದು ಅವರ ಮಾತಿನಲ್ಲೇ ತಿಳಿಯಿತು. ಕದ್ದು ಕೇಳುವುದು ತಪ್ಪೆಂದು ಹಿಲ್ಡಾ ತನ್ನ ಚೀಟಿಯನ್ನೇ ನೋಡುತ್ತ ನಿಂತಳು. ಆದರೂ ಕೇಳಿಸಿತು.

“ಮನೆ ಹಿಂದೆ ನಾವು ಕಟ್ಟಿಸ್ಬೇಕು ಅಂತಿರೋ ರೂಮಿಗೆ ಪರ್ಮಿಶನ್ ಕೊಡ್ಬೇಡಿ ಅಂತ ಊರಿನ ಕೌನ್ಸಿಲ್‌ಗೆ ಯಾರೋ ಆಕ್ಷೇಪಣೆ ಹಾಕಿದಾರೆ, ಬೆರಿಲ್.”

“ಹೌದಾ? ಯಾರಂತೆ, ಗ್ಲೆನಿಸ್?”

“ನೀವೇ ಕಣ್ರೀ. ಕೌನ್ಸಿಲ್ ವೆಬ್‌ಸೈಟಲ್ಲಿದೆ. ಹೆಸರು, ಮನೆ ನಂಬರು, ಎಲ್ಲಾ.”

ಬೆರಿಲ್ ದನಿ ತಗ್ಗಿಸಿದಳು.

“ಆಫೀಸಿನವರು ಮಾತ್ರ ಓದ್ತಾರೆ ಅಂದ್ಕೊಂಡಿದ್ದೆ.”

“ಬೀದಿಯೋರೆಲ್ಲಾ ಓದಿದಾರೆ. ಬಾಡಿಗೆಗೆ ಬಿಡೋಕೆ ಕಟ್ತಿದಾರೆ ಅಂತ ಬರೆದಿದೀರಿ.”

“ನನ್ನ ಅಡುಗೆಮನೆಗೆ ಬೆಳಕು ಬರೋದು ಅದೊಂದೇ ಕಡೆಯಿಂದ. ಬರೀ ಬೆಳಕು ಅಂದ್ರೆ ಅವರು ಕೇಳಲ್ಲ ಅನ್ನಿಸ್ತು.”

“ನನ್ನ ಹತ್ರ ಹೇಳಿದ್ರೆ ಕೇಳ್ತಿದ್ದೆ. ರಾಯ್‌ಗೆ ಮೆಟ್ಟಿಲು ಹತ್ತೋಕಾಗಲ್ಲ. ಈಸ್ಟರ್‌ನಿಂದ ಸೋಫಾ ಮೇಲೇ ಮಲಗ್ತಿದಾನೆ. ಆ ರೂಮು ಅವನ ಮಂಚಕ್ಕೆ.”

“ನೀವು ಒಂದು ಮಾತೂ ಹೇಳ್ಲಿಲ್ಲ.”

“ಅವನಿಗೆ ನಾಚಿಕೆ. ಯಾರಿಗೂ ಹೇಳ್ಬೇಡ ಅಂದಿದ್ದ.”

“ಇವತ್ತೇ ವಾಪಸ್ ತಗೋತೀನಿ.”

“ತಗೊಳ್ಳಿ. ರಾಯ್ ಅಂತೂ ಓದಿಯಾಯ್ತು.”

ಕೌಂಟರಿನವಳು ಗ್ಲೆನಿಸಳ ಹೆಸರು ಕರೆದಳು. ಗಂಡ ರಾಯ್‌ನ ಮಾತ್ರೆಗಳ ಪೊಟ್ಟಣ ಹಿಡಿದು ಹೊರಟ ಗ್ಲೆನಿಸ್ ಬಾಗಿಲ ಬಳಿ ತಿರುಗಿದಳು.

“ಭಾನುವಾರ ಕೇಕ್ ಕಳಿಸಿದ್ರಲ್ಲ, ಆ ಡಬ್ಬ ತೊಳೆದು ನಿಮ್ಮ ಹೊಸ್ತಿಲಲ್ಲಿ ಇಟ್ಟಿದೀನಿ.”

ಬೆರಿಲ್ ತನ್ನ ಔಷಧಿಯನ್ನೂ ತೆಗೆದುಕೊಳ್ಳದೆ ಅವಳ ಹಿಂದೆಯೇ ಹೊರಟಳು. ಇಬ್ಬರದೂ ಒಂದೇ ಬೀದಿ. ಆದರೆ ಜೊತೆಯಾಗದಷ್ಟು ನಿಧಾನವಾಗಿ ನಡೆದಳು.