ಹಸು ಹೋಯಿತು, ಹಗ್ಗ ಉಳಿಯಿತು

ಹಲೋ... ಆಮಾ, ಕಂಬಂ ಕೋಳಿಪ್ಪಣ್ಣೈದಾನ್. ಯಾರು ಪೇಸುರದು?... ಹಾಂ? ಬೆಂಗಳೂರಾ? ಕಂಪ್ಯೂಟರ್ ಕಂಪನಿಯವರಾ? ಹಾಗಾದರೆ ಕನ್ನಡದಲ್ಲೇ ಹೇಳಿ ಸಾರ್, ಕಂಬಂ ಕೋಳಿ ಫಾರಂ ಇದೇ...

ಹೌದು, ದೂರು ಕೊಟ್ಟವಳು ನಾನೇ. ಕಲೈಸೆಲ್ವಿ... ಹೆಸರು ತಮಿಳು, ಮನೆಮಾತು ಕನ್ನಡ. ಎಷ್ಟೋ ತಲೆಮಾರಿಂದ ನಾವು ಇಲ್ಲೇ... ಆ ಕತೆ ಇನ್ನೊಂದು ದಿನ ಹೇಳ್ತೀನಿ. ಈಗ ಪಕ್ಕದ ಕೋಣೆಯಲ್ಲಿ ಮೊಟ್ಟೆಗಳಿವೆ ಸಾರ್. ಮರಿ ಆಗೋ ಮೊಟ್ಟೆಗಳು.

ಇಲ್ಲ, ಮೆಷಿನ್ ಕೆಟ್ಟಿಲ್ಲ. ಅದನ್ನೇ ಎಲ್ಲರಿಗೂ ಹೇಳ್ತಾ ಬಂದಿದ್ದೀನಿ. ಚೆನ್ನಾಗಿ ಓಡುತ್ತೆ. ತುಂಬಾ ಚೆನ್ನಾಗಿ ಓಡುತ್ತೆ, ಅದೇ ತೊಂದರೆ...

ನಗಬೇಡಿ. ಮೊದಲಿಂದ ಹೇಳ್ಲಾ?... ಮೊಟ್ಟೆ ಪೆಟ್ಟಿಗೆಗೆ ಶಾಖ ಕೊಡೋದು, ಶಾಖ ನಿಲ್ಲಿಸೋದು, ತಟ್ಟೆ ಹೊರಳಿಸೋದು, ಎಲ್ಲ ನಿಮ್ಮ ಕಂಪ್ಯೂಟರ್ ಮಾಡ್ತಿತ್ತು. ಹಳೇದು. ಆ ಪ್ರೋಗ್ರಾಂ ಬರೆದವರು ದಿಂಡಿಗಲ್‌ನ ಜೆಯಕುಮಾರ್. ಎರಡು ವರ್ಷ ಒಂದು ದಿನವೂ ಮುನಿಸಿಕೊಳ್ಳಲಿಲ್ಲ ಅದು. ಆಮೇಲೆ ನಿಮ್ಮವರು ಬಂದರು. ಇನ್ನು ನಮ್ಮ ಕಂಪನಿಯೇ ಚಿಪ್ ಮಾಡುತ್ತೆ, ಹೊರಗಿಂದ ತರಿಸಲ್ಲ, ಹಳೇದು ಕೊಡಿ ಹೊಸದು ತಗೊಳ್ಳಿ ಅಂದರು. ಹಳೇ ಪ್ರೋಗ್ರಾಂ ಓಡುತ್ತಾ ಅಂತ ಕೇಳಿದೆ ಸಾರ್. ಎದುರಿಗೇ ನಿಂತು ಕೇಳಿದೆ. ಇನ್ನೂ ಜೋರಾಗಿ ಓಡುತ್ತಮ್ಮ ಅಂದರು...

ಹಾಂ, ಜೋರಾಗೇ ಓಡುತ್ತೆ! ಜೆಯಕುಮಾರ್ ಹೊತ್ತನ್ನ ಹಳೇ ಚಿಪ್‌ನ ಓಟದ ಮೇಲೆ ಎಣಿಸಿದ್ದರಂತೆ. ಹೊಸದು ಅದೇ ಎಣಿಕೆಯನ್ನ ಸರಸರ ಮುಗಿಸುತ್ತೆ. ಶಾಖ ಹಾಕುತ್ತೆ, ಮೊಟ್ಟೆಗೆ ತಾಗೋಕೆ ಮುಂಚೆ ಸಾಕು ಅಂತ ನಿಲ್ಲಿಸುತ್ತೆ. ತೆರೆ ಮೇಲೆ ಮಾತ್ರ ಎಲ್ಲ ಸರಿಯಾಗಿದೆ ಅಂತ ತೋರಿಸುತ್ತೆ. ಸ್ವಿಚ್ ಟಕ್ ಟಕ್ ಅನ್ನೋದು ಹತ್ತಿರ ಹತ್ತಿರ ಆಯ್ತಲ್ಲ ಅಂತ ನನಗೆ ಅನುಮಾನ ಬಂತು. ಅನುಮಾನ ಬರೋ ಹೊತ್ತಿಗೆ ಒಂದು ಪೆಟ್ಟಿಗೆ ತಣ್ಣಗಾಗಿತ್ತು. ಪೂರ್ತಿ... ಮರಿ ಮಾಡಿಕೊಡಿ ಅಂತ ಪಕ್ಕದ ಬೀದಿಯ ಚಿನ್ನಮ್ಮಾಳ್ ಕೊಟ್ಟಿದ್ದ ಮೊಟ್ಟೆ ಅದು. ಇನ್ನೂ ಅವರಿಗೆ ಹೇಳಿಲ್ಲ.

ಜೆಯಕುಮಾರ್ ಹತ್ತಿರ ಹೋಗಿದ್ದೆ. ಮೊದಲಿಂದ ಬರೀಬೇಕು, ತಿಂಗಳುಗಟ್ಟಲೆ ಹಿಡಿಯುತ್ತೆ ಅಂದರು. ನನ್ನ ಮೊಟ್ಟೆಗಳು ಒಳಗಿಂದ ಕುಟ್ಟೋಕೆ ಶುರುಮಾಡಿವೆ ಸಾರ್. ತಿಂಗಳು ಕಾಯಿರಿ ಅಂತ ಅವಕ್ಕೆ ಯಾರು ಹೇಳೋದು?

...ಈಗಲಾ? ಈಗ ಕೈಯಲ್ಲೇ. ನಾನು ಒಂದಿಷ್ಟು ಹೊತ್ತು, ನಮ್ಮತ್ತೆ ಒಂದಿಷ್ಟು ಹೊತ್ತು. ಥರ್ಮಾಮೀಟರ್ ನೋಡ್ಕೊಂಡು ಸ್ವಿಚ್ ಹಾಕೋದು, ತೆಗೆಯೋದು. ಅವರಿಗೆ ವಯಸ್ಸಾಗಿದೆ, ಕಣ್ಣು ಸೋತಿದೆ... ಒಂದು ನಿಮಿಷ ಸಾರ್. ಅತ್ತೇ! ಸ್ವಿಚ್ ತೆಗೀರಿ, ಪಾದರಸ ಕೆಂಪುಗೀಟು ದಾಟಿಪೋಚಾ ನೋಡ್ರಿ!... ಅಂಗಾ? ಸರಿ, ಅಂಗೇ ಇರ್ಲಿ... ಇಲ್ಲೆ ಅತ್ತೆ, ಬೆಂಗಳೂರವರು. ನಮ್ಮ ಮಾತೇ ಆಡ್ತಾರೆ... ಮದುವೆ ಆಗೈತಾ ಅಂತೆಲ್ಲ ನಾನೇನ್ ಕೇಳ್ಲಿ, ಸುಮ್ಕಿರ್ರಿ!

ಕ್ಷಮಿಸಿ. ಹೇಳಿ... ಹಳೇ ಮೆಷಿನ್ನೇ ವಾಪಸ್ಸಾ? ಸಿಗುತ್ತಾ? ನಿಜವಾಗಿ? ಮದುರೆ ಗೋಡೌನ್‌ನಲ್ಲಿದೆಯಾ?... ಬಸ್ಸಲ್ಲಿ ನಾನೇ ಹೋಗಿ ತರ್ತೀನಿ, ಮಡಿಲಲ್ಲಿಟ್ಟುಕೊಂಡು ತರ್ತೀನಿ. ನೀವು ಕೇಳಿ, ನಾನು ಲೈನಲ್ಲೇ ಇರ್ತೀನಿ...

...

ಇದ್ದೀನಿ, ಇದ್ದೀನಿ ಸಾರ್... ಯಾವ ವೈರ್? ತುದಿಯಲ್ಲಿ ಬೆಂಕಿಪೊಟ್ಟಣದಷ್ಟು ಡಬ್ಬಿ ಇರೋದಾ? ಇದೆ, ನಮ್ಮಲ್ಲೇ ಇದೆ! ಜೆಯಕುಮಾರ್ ಹಾಕಿದ ಬೀಗ ಅದು. ಅದಿಲ್ಲದೆ ಆ ಹಳೇ ಮೆಷಿನ್ ಏಳೋದೇ ಇಲ್ಲ, ಹೊಸದಕ್ಕೆ ಬೇಡವಂತೆ... ಇಲ್ಲ ಇಲ್ಲ, ಮರೆತು ಬಿಟ್ಟದ್ದಲ್ಲ. ನಮ್ಮತ್ತೆ ಬಿಚ್ಚಿ ಇಟ್ಟುಕೊಂಡರು. ನಮ್ಮದು ದನ ಕಟ್ಟಿದ ಮನೆ ಸಾರ್. ಹಸು ಮಾರಿದರೂ ಹಗ್ಗ ಕೊಡಲ್ಲ ನಾವು. ಹಗ್ಗ ಹೋದರೆ ಕೊಟ್ಟಿಗೆಯೇ ಅದರ ಹಿಂದೆ ಹೋಗುತ್ತೆ ಅಂತ ಒಂದು ನಂಬಿಕೆ. ನಿಮ್ಮವರು ಮೆಷಿನ್ ಎತ್ತುವಾಗ ಅದರ ತಲೆಗೆ ಅರಿಶಿನ ಕುಂಕುಮ ಇಟ್ಟು, ಆ ವೈರ್ ಮಾತ್ರ ಬಿಚ್ಚಿಕೊಂಡರು. ನಿಮ್ಮವರೂ ನಕ್ಕು ಬಿಟ್ಟುಕೊಟ್ಟರು. ಒಳ್ಳೇದೇ ಆಯ್ತಲ್ವಾ? ಈಗ ಆ ಹಗ್ಗದಿಂದಲೇ ಅದನ್ನ...

ಹಾಂ?

...ಏನಂದಿರಿ?

...ಗೋಡೌನ್‌ನಲ್ಲಿ ಹಾಕಿ ನೋಡಿದರಾ, ಏಳಲಿಲ್ಲ ಅಂತ. ಹೌದು, ವೈರ್ ಇಲ್ಲದೆ ಹೇಗೆ ಏಳುತ್ತೆ. ಅದಕ್ಕೆ?... ಸತ್ತ ಮೆಷಿನ್ ಅಂತ ಬರೆದುಬಿಟ್ಟರಾ? ಆದರೆ ಅದು ಸತ್ತಿರಲಿಲ್ಲ ಸಾರ್!... ಬಿಚ್ಚಿಬಿಟ್ಟರಾ. ಎಲ್ಲಾನೂ? ಆ ಚಿಪ್?... ಇನ್ನೊಂದು, ಅದೇ ಥರದ್ದು, ಎಲ್ಲಾದರೂ? ಚೆನ್ನೈನಲ್ಲಿ? ನಿಮ್ಮ ಬೆಂಗಳೂರಲ್ಲಿ?... ಎಲ್ಲೂ ಇಲ್ವಾ. ಆ ಚಿಪ್ ತರಿಸೋದನ್ನೇ ನಿಲ್ಲಿಸಿಬಿಟ್ಟಿದ್ದಾರೆ. ಸರಿ.

...ಇಲ್ಲ, ಅಳ್ತಿಲ್ಲ. ಮೆಲ್ಲಗೆ ಮಾತಾಡ್ತಿದ್ದೀನಿ. ಅತ್ತೆ ಒಳಗಿದ್ದಾರೆ. ಒಂದು ಕೇಳ್ತೀನಿ, ನಿಜ ಹೇಳಿ. ವೈರ್ ಜೊತೆಗೇ ಕಳಿಸಿದ್ದರೆ, ಆ ಮೆಷಿನ್ ಇವತ್ತು ಇರ್ತಿತ್ತಾ?... ಇರ್ತಿತ್ತು ಅಲ್ವಾ. ಅಷ್ಟೇ, ಕೇಳಬೇಕು ಅನ್ನಿಸಿತು. ಇಲ್ಲಿಗೆ ಯಾರಾದರೂ ಬಂದರೆ ಆ ಮಾತು ಮಾತ್ರ ಎತ್ತಬಾರದು ಅಂತ ಹೇಳಿ ಸಾರ್. ಆ ವೈರನ್ನ ಅವರು ಸೆರಗಿಗೆ ಕಟ್ಟಿಕೊಂಡು ಕೂತಿದ್ದಾರೆ. ಹಗ್ಗ ಇದೆ, ಹಸು ಎಲ್ಲಿಗೆ ಹೋಗುತ್ತೆ ಅಂತ ನನಗೇ ಧೈರ್ಯ ಹೇಳ್ತಾರೆ...

ಏನತ್ತೆ?... ಹೂಂ, ಸಿಕ್ತಂತೆ. ಮದುರೆಲೇ ಐತಂತೆ. ಕಳಿಸ್ತಾರೆ... ಹೂಂ, ನೀವು ಹೇಳಿದಂಗೇ. ವೈರ ಭದ್ರವಾ ಮಡಿಕ್ಕೊಳ್ರಿ.

...ಹೇಳಿದೆ ಸಾರ್, ಇನ್ನೇನು ಹೇಳ್ಲಿ. ಅತ್ತೆ ಧೈರ್ಯಗೆಟ್ಟು ಸ್ವಿಚ್ ಬಿಟ್ಟರೆ ನನ್ನೊಬ್ಬಳ ಕೈಲಿ ಆಗಲ್ಲ. ಈಗ ಇದೊಂದು ಹೇಳಿ. ಮರಿ ಹೊರಗೆ ಬರೋ ಹೊತ್ತಿಗೆ ಪ್ರೋಗ್ರಾಂ ಶಾಖ ಇಳಿಸ್ತಿತ್ತು. ಎಷ್ಟು ಹೊತ್ತಿಗೆ ಎಷ್ಟು ಇಳಿಸ್ತಿತ್ತು ಅಂತ ಅದರೊಳಗೆ ನೋಡೋಕೆ ಆಗುತ್ತಾ? ನಿಮಗೆ ಬರುತ್ತಾ?... ನೋಡಿ ಹೇಳಿ, ದಯವಿಟ್ಟು. ಯಾವ ಗುಂಡಿ ಒತ್ತಲಿ? ಇದೋ, ಕಂಪ್ಯೂಟರ್ ಮುಂದೆ ಬಂದೆ. ರಿಸೀವರ್ ಇಲ್ಲಿವರೆಗೂ ಬರುತ್ತೆ. ಕೇಳಿಸ್ತಾ? ಕೀಚು ಕೀಚು ಅಂತ... ಮೊಟ್ಟೆ ಓಡಿನ ಒಳಗಿಂದಲೇ ಕೂಗ್ತಿವೆ ಸಾರ್... ಮೊದಲು ಯಾವ ಗುಂಡಿ?...

ಹಲೋ?... ಸಾರ್? ಹಲೋ, ಕೇಳಿಸ್ತಾ?... ಹಲೋ? ಲೈನ್... ಲೈನ್ ಹೋಯ್ತು, ಬರೀ ಕುಂಯ್ ಅಂತಿದೆ...

ಏನತ್ತೆ?... ಇಲ್ಲೆ, ಇಲ್ಲೆ, ಕಟ್ ಆಗ್ಲಿಲ್ಲ. ಲೈನಲ್ಲೇ ಔರೆ. ನೀವು ಸ್ವಿಚ್ ಬಿಡಬ್ಯಾಡ್ರಿ...

ಹಾಂ ಸಾರ್, ಹೇಳಿ... ಸರಿ... ಹಳೇ ಮೆಷಿನ್ ನಾಳೆ ಬೆಳಿಗ್ಗೇನೇ ಬರುತ್ತಾ?... ಸರಿ ಸಾರ್. ಕಾಯ್ತೀವಿ...