ಒಡ್ಡಿಗೆ ಎಪ್ಪತ್ತು ಮೀಟರ್ ಮೊದಲು

ಹೇಳಿಕೆ ಕೊಡುತ್ತಿರುವ ನಾನು ನದಿ ಬೀದಿಯಲ್ಲಿ ಮೀಟರ್ ಮಾವ ಎಂದು ಗುರುತಿರುವವನು. ವಯಸ್ಸು 68. ನೀರು ಸರಬರಾಜು ಕಚೇರಿಯಲ್ಲಿ ಮೂವತ್ತೊಂದು ವರ್ಷ ಮನೆಮನೆಯ ನೀರಿನ ಮೀಟರ್ ಓದಿ, ಕೊನೆಯ ನಾಲ್ಕು ವರ್ಷ ಹಳೆಯ ಪಂಪ್‌ಹೌಸಿನ ಉಸ್ತುವಾರಿ ನೋಡಿ ನಿವೃತ್ತನಾದವನು. ವಾಸ ಅದೇ ಪಂಪ್‌ಹೌಸಿನ ಪಕ್ಕದ ಕಟ್ಟಡ, ಎರಡನೇ ಮಹಡಿ, ನದಿಯ ಕಡೆ ಕಿಟಕಿ ಇರುವ ಮನೆ. ಹೆಂಡತಿ ತೀರಿಕೊಂಡು ಎರಡು ವರ್ಷ ಒಂದು ತಿಂಗಳು. ಬಿ.ಎ. ಓದಿದ್ದೇನೆ, ಇಂಗ್ಲಿಷ್ ಪೇಪರ್ ಒಂದು ಬಾಕಿ ಇದೆ. ಕೇಳಿದ್ದಕ್ಕೆ ಮಾತ್ರ ಹೇಳಿ ಎಂದು ಠಾಣೆಯ ರೈಟರ್ ಸಾಹೇಬರು ಅಂದರು. ಕೇಳಿದ್ದಕ್ಕೆ ಮಾತ್ರ ಹೇಳಿದರೆ ಕೇಳದೇ ಇದ್ದದ್ದು ಉಳಿದುಹೋಗುತ್ತದೆ. ಆದ್ದರಿಂದ ನನ್ನ ಕೈಯಲ್ಲೇ ಬರೆದುಕೊಡುತ್ತೇನೆಂದು ಅವರನ್ನು ಒಪ್ಪಿಸಿ, ಟು ದ ಬೆಸ್ಟ್ ಆಫ್ ಮೈ ನಾಲೆಡ್ಜ್, ಠಾಣೆಯ ಮುಂದೆ ಇಡುವ ಸಂಗತಿ ಇಷ್ಟು.

ಕಳೆದ ಶುಕ್ರವಾರ, ಮಾರ್ಚ್ 15ರ ಬೆಳಗ್ಗೆ 7 ಗಂಟೆ 54 ನಿಮಿಷಕ್ಕೆ ನನ್ನ ಭಾಮೈದ ಒಬ್ಬರೇ ಕೂತು ಹುಟ್ಟು ಹಾಕುವ ಕಯಾಕ್ ದೋಣಿ ಸಮೇತ ಒಡ್ಡಿನಿಂದ ಕೆಳಕ್ಕೆ ಬಿದ್ದ. ದೋಣಿ ಕಂಪನಿಯ ಮ್ಯಾನೇಜರ್ ಕೊಟ್ಟ ದೂರಿನಲ್ಲಿ, ನಮ್ಮ ಜೊತೆ ಬಂದಿದ್ದ ಗೈಡ್ ಹುಡುಗಿ ವಯಸ್ಸಾದವರನ್ನು ಎಚ್ಚರಿಕೆಯ ಹಗ್ಗ ದಾಟಿಸಿದಳು, ಆ ಗದ್ದಲದಲ್ಲಿ ಹಗ್ಗ ತುಂಡಾಯಿತು ಎಂದು ಇದೆಯಂತೆ. ಅದು ಸುಳ್ಳು. ದಾಟುವುದಕ್ಕೆ ಅಲ್ಲಿ ಹಗ್ಗವೇ ಇರಲಿಲ್ಲ. ಯಾಕಿರಲಿಲ್ಲ ಎಂಬುದು ನನಗೆ ಗೊತ್ತು.

ಒಡ್ಡು ಎಂದರೆ ನದಿಗೆ ಅಡ್ಡಲಾಗಿ ಕಟ್ಟಿದ ಐದಡಿ ಎತ್ತರದ ಸಿಮೆಂಟ್ ಗೋಡೆ. ನೀರು ಅದರ ಮೇಲೆ ಹರಿದು ಆಚೆ ಬೀಳುತ್ತದೆ. ಮೇಲಿನಿಂದ ದೋಣಿಯಲ್ಲಿ ಬರುವವನಿಗೆ ಗೋಡೆ ಕಾಣುವುದಿಲ್ಲ, ಬೀಳುವ ನೀರೂ ಕಾಣುವುದಿಲ್ಲ. ಇಸ್ತ್ರಿ ಮಾಡಿದ ಬಟ್ಟೆಯಂತೆ ನೀರು ಸಪಾಟಾಗಿ ಮುಂದೆ ಹೋಗಿದೆ ಅನ್ನಿಸುತ್ತದೆ. ಆಪ್ಟಿಕಲ್ ಇಲ್ಯೂಷನ್. ಮೇಲ್ಸೇತುವೆಯ ಲಾರಿಗಳ ಸದ್ದಿನಲ್ಲಿ ಬೀಳುವ ಸದ್ದು ಕೇಳುವುದೂ ಇಲ್ಲ. ಅದಕ್ಕೇ ಮೂರು ವರ್ಷದ ಹಿಂದೆ ಕಂಪನಿಯ ದೋಣಿವಿಹಾರ ಶುರುವಾದಾಗ ಒಡ್ಡಿಗೆ 70 ಮೀಟರ್ ಮೊದಲು, ಆ ದಂಡೆಯಿಂದ ಈ ದಂಡೆಗೆ, ಕಿತ್ತಳೆ ಬಣ್ಣದ ಹದಿನೆಂಟು ಪ್ಲಾಸ್ಟಿಕ್ ಡ್ರಮ್ ಪೋಣಿಸಿದ ಹಗ್ಗ ಕಟ್ಟಿದರು. ಅದರ ಬಲತುದಿಯ ಕೊಕ್ಕೆ ಪಂಪ್‌ಹೌಸಿನ ಕಬ್ಬಿಣದ ಬಾಗಿಲೊಳಗಿನ ಬಳೆಗೆ ಸಿಕ್ಕಿಸಿರುತ್ತಿತ್ತು.

ಆ ಹಗ್ಗಕ್ಕೆ ಊರಿನ ಹೊಲಸೆಲ್ಲ ಬಂದು ತಗುಲಿಕೊಳ್ಳುತ್ತಿತ್ತು. ಮಕ್ಕಳ ಡೈಪರ್, ಥರ್ಮಾಕೋಲ್, ಕ್ಷೌರದಂಗಡಿಯ ಕೂದಲಿನ ಉಂಡೆ, ಉಬ್ಬಿದ ಹೆಗ್ಗಣ, ಒಂದು ಸಲ ಇಬ್ಬರು ಮಲಗುವ ಹಾಸಿಗೆ. ವಾರಕ್ಕೊಮ್ಮೆ ಶುಚಿಗೊಳಿಸಲಾಗುವುದು ಎಂದು ಕಂಪನಿಯ ಬೋರ್ಡ್ ಇತ್ತು. ವಾರಕ್ಕೊಮ್ಮೆ ಬೋರ್ಡನ್ನು ತೊಳೆಯುತ್ತಿದ್ದರು. ನನ್ನ ಹೆಂಡತಿ ಕೊನೆಯ ಎಂಟು ತಿಂಗಳು ಕಿಟಕಿ ಪಕ್ಕದ ಮಂಚದಲ್ಲಿ ಇದ್ದಳು. ಉಸಿರು ಕಟ್ತಿದೆ, ಸ್ವಲ್ಪ ಕಿಟಕಿ ತೆಗೀರಿ ಅನ್ನುವಳು. ತೆಗೆದ ಎರಡು ನಿಮಿಷಕ್ಕೆ, ಮುಚ್ಚಿಬಿಡ್ರೀ, ಇದಕ್ಕಿಂತ ಉಸಿರು ಕಟ್ಟೋದೇ ಮೇಲು ಅನ್ನುವಳು. ಇದು ಕೇಸಿಗೆ ಸಂಬಂಧವಿಲ್ಲ ಎಂದು ರೈಟರ್ ಸಾಹೇಬರು ಈಗ ಹೇಳುತ್ತಿದ್ದಾರೆ. ಸಂಬಂಧ ಇದೆ. ನಾನು ಐದು ಅರ್ಜಿ ಬರೆದೆ, ಐದೂ ಇಂಗ್ಲಿಷಿನಲ್ಲಿ. ಮೋಸ್ಟ್ ಅಬಾಮಿನಬಲ್ ಸ್ಮೆಲ್ ಎಂದು ಬರೆದಿದ್ದೆ. ಬೀದಿಯ 34 ಮನೆಯವರ ಸಹಿ ಹಾಕಿಸಿದ್ದೆ. ಕೋರಿಕೆ ಒಂದೇ: ಸದರಿ ಹಗ್ಗವನ್ನು ತೆಗೆಸುವುದು. ಕಸವನ್ನು ತೆಗೆಸುವುದು ಎಂದು ನಾನು ಬರೆದಿರಲಿಲ್ಲ.

ಹೆಂಡತಿ ಹೋದ ಒಂದು ವರ್ಷಕ್ಕೆ ಭಾಮೈದ ನನ್ನನ್ನು ದೋಣಿಗೆ ಎಳೆದುಕೊಂಡು ಹೋದ. ಅವನು ಗಡಿಯಾರ ರಿಪೇರಿ ಮಾಡುವವನು, ವಯಸ್ಸು 61. ಎಷ್ಟು ದಿನಾಂತ ಗೋಡೆ ನೋಡ್ಕೊಂಡು ಕೂರ್ತೀರಿ ಭಾವ, ದಿನಾ ಬೈಯೋ ನದೀನ ಹತ್ರದಿಂದ ಬೈಯಿರಿ ಬನ್ನಿ ಎಂದ. ಸೋಮವಾರ ಮತ್ತು ಶುಕ್ರವಾರ ಹಿರಿಯರ ಬ್ಯಾಚು. ಕಲಿಸುವವಳು ದೂರಿನಲ್ಲಿರುವ ಆ ಗೈಡ್ ಹುಡುಗಿಯೇ, ನಮ್ಮ ಬೀದಿಯ ಹೊಲಿಗೆಯವರ ಮಗಳು, 26 ವರ್ಷ. ಎಲ್ಲರೂ ಅವಳನ್ನು ಕರೆಯುವುದು ಕ್ಯಾಪ್ಟನ್ ಎಂದು. ದಂಡೆಯಲ್ಲಿ ನಮ್ಮೆಲ್ಲರ ಜಾಕೆಟ್ಟಿನ ಭುಜ ಹಿಡಿದು ಮೇಲಕ್ಕೆ ಎಳೆಯುವಳು. ಜಾಕೆಟ್ ಕಿವಿಗೆ ಬಂದರೆ ಪಟ್ಟಿ ಬಿಗಿ ಇಲ್ಲ ಎಂದರ್ಥ, ಆ ದಿನ ನೀರಿಗೆ ಇಲ್ಲ. ಸೀಟಿ ಒಂದು ಸಲ ಊದಿದರೆ ನೋಡಿ, ಮೂರು ಸಲ ಊದಿದರೆ ದಂಡೆಗೆ ಹೋಗಿ. ದೋಣಿ ಮಗುಚಿದರೆ ಹರಿಯುವ ನೀರಲ್ಲಿ ಕಾಲೂರಿ ನಿಲ್ಲಬೇಡಿ, ಕಾಲು ಕಲ್ಲಿಗೆ ಸಿಕ್ಕಿದರೆ ನೀರು ಮಲಗಿಸಿಬಿಡುತ್ತದೆ. ಬಿದ್ದವರ ಹಿಂದೆ ನೀವೂ ಹಾರಬೇಡಿ, ಹಗ್ಗ ಎಸೆಯಿರಿ. ಒಡ್ಡಿನ ಕೆಳಗೆ ಏನಿದೆ ಎಂದು ನಮ್ಮ ಬ್ಯಾಚಿನಲ್ಲಿರುವ ಬ್ಯಾಂಕಿನ ಮೇಡಂ ಒಮ್ಮೆ ಕೇಳಿದ್ದಕ್ಕೆ, ವಾಷಿಂಗ್ ಮೆಷಿನ್ ಇದೆ ಆಂಟಿ, ಆಫ್ ಮಾಡೋ ಬಟನ್ ಇಲ್ಲ, ಅಷ್ಟೆ ಎಂದಿದ್ದಳು.

ಗುರುವಾರ, ಮಾರ್ಚ್ 14ರಂದು ಸಂಜೆ 4.25ಕ್ಕೆ ಮ್ಯಾನೇಜರ್ ನನ್ನ ಮನೆಗೆ ಬಂದ. ಬಿಳಿ ಬೂಟು ಹಾಕುತ್ತಾನೆ. ಮೂರು ವರ್ಷದಲ್ಲಿ ಅವನು ಆ ನದಿಗೆ ಒಂದು ಬೆರಳು ಅದ್ದಿದ್ದನ್ನು ನಾನು ಕಂಡಿಲ್ಲ. ಮರುದಿನ ಬೆಳಗ್ಗೆ 9ಕ್ಕೆ ದೊಡ್ಡ ಆಫೀಸಿನವರು ಫೋಟೋ ತೆಗೆಯುವುದಕ್ಕೆ ಬರುತ್ತಾರೆ ಎಂದ. ಅಂಕಲ್, ಐದು ಲೆಟರ್ ಬರೆದ್ರಲ್ಲ, ಇವತ್ತು ನಿಮ್ಮ ಕೆಲಸ ಮಾಡ್ಕೊಟ್ಟುಬಿಡ್ತೀನಿ, ಒಂದು ಬೀಗ ತೆಗೀಬೇಕಷ್ಟೆ ಎಂದ. ಪಂಪ್‌ಹೌಸಿನ ಕೀಲಿಯನ್ನು ನಿವೃತ್ತಿಯ ದಿನ ನಾನು ವಾಪಸ್ ಕೊಟ್ಟಿರಲಿಲ್ಲ. ಯಾರೂ ಕೇಳಿರಲಿಲ್ಲ. ಕಚೇರಿಯಿಂದ ಪರ್ಮಿಷನ್ ತರಿಸಿದರೆ ಹದಿನೈದು ದಿನ ಹಿಡಿಯುವುದೂ, ನನ್ನ ಹತ್ತಿರ ಕೀಲಿ ಇರುವುದೂ ಅವನಿಗೆ ಗೊತ್ತಿತ್ತು.

ಸಂಜೆ 4.40ಕ್ಕೆ ನಾನೇ ಬೀಗ ತೆಗೆದೆ. ಕೊಕ್ಕೆಯನ್ನು ಬಳೆಯಿಂದ ಎತ್ತಿದ್ದೂ ನಾನೇ. ಮ್ಯಾನೇಜರ್ ಮೂಗಿಗೆ ಕರವಸ್ತ್ರ ಹಿಡಿದು ಆರು ಅಡಿ ದೂರ ನಿಂತಿದ್ದ. ಕೊಕ್ಕೆ ಜಿಡ್ಡಾಗಿತ್ತು, ಕೈ ಮೂರು ಸಲ ತೊಳೆದರೂ ವಾಸನೆ ಹೋಗಲಿಲ್ಲ. ಹಗ್ಗ ತಿರುಗಿ ಎಡದಂಡೆಗೆ ಒರಗಿತು. ಮೂರು ವರ್ಷದ ಹೊಲಸು ಮದುವೆ ದಿಬ್ಬಣದಂತೆ ಸಾಲಾಗಿ ಒಡ್ಡಿನ ಕಡೆ ಹೊರಟಿತು. ಹೋಗಿ ಮುಗಿಯಲು 35 ನಿಮಿಷ ಬೇಕಾಯಿತು. ನಮ್ಮ ಬೀದಿಯ 29 ಮನೆಗಳ ಕಿಟಕಿ ತೆರೆದವು, ಎಣಿಸಿದ್ದೇನೆ. ಒಡ್ಡಿನ ಕೆಳಗೂ ಮನೆಗಳಿವೆ. ಅವುಗಳ ಕಿಟಕಿ ನಾನು ಎಣಿಸಲಿಲ್ಲ.

ಕ್ಯಾಪ್ಟನ್‌ಗೆ ಹೇಳಿದ್ದೀರಾ ಎಂದು ಮ್ಯಾನೇಜರನ್ನು ಕೇಳಿದೆ. ಅವಳಿಗೆ ಹೇಳಿದ್ರೆ ನಾಳೆ ದೋಣಿ ಇಳಿಸಲ್ಲ ಅಂತ ಕೂರ್ತಾಳೆ ಅಂಕಲ್, ಬೆಳಗ್ಗೆ ಆರಕ್ಕೆ ನಮ್ಮೋರು ಬಂದು ಮತ್ತೆ ಸಿಕ್ಕಿಸ್ತಾರೆ, ಬಾಗಿಲು ಹಾಗೇ ಇರಲಿ ಎಂದ. ನಾನು ಬಾಗಿಲು ಹಾಗೇ ಬಿಟ್ಟೆ. ಆ ದಿನ ಕಿಟಕಿ ತೆಗೆದು ಮಲಗಿದೆ.

ಶುಕ್ರವಾರ ಬೆಳಗ್ಗೆ 6.20ಕ್ಕೆ ಮನೆ ಬಿಟ್ಟೆ. ಪಂಪ್‌ಹೌಸಿನ ಕಡೆ ಹೋಗದೆ ಮುಖ್ಯರಸ್ತೆಯಲ್ಲಿ ನಡೆದು ಎರಡು ಕಿಲೋಮೀಟರ್ ಮೇಲಿರುವ ದೋಣಿಕಟ್ಟೆಗೆ 6.45ಕ್ಕೆ ತಲುಪಿದೆ. ದೋಣಿ ಇಳಿಸಿದ್ದು 7.20ಕ್ಕೆ. ಮಧ್ಯದ 35 ನಿಮಿಷ ಕ್ಯಾಪ್ಟನ್ ನನ್ನ ಎದುರಿಗೇ ಇದ್ದಳು. ನನ್ನ ಜಾಕೆಟ್ ಹಿಡಿದು ಎಳೆದು ನೋಡಿ, ಮಾವ, ತೆಳ್ಳಗಾಗಿದ್ದೀರಿ, ರಾತ್ರಿ ಊಟ ಬಿಟ್ರಾ ಎಂದು ಗದರಿದಳು. ಹಗ್ಗ ಬಿಚ್ಚಿದ್ದನ್ನು ನಾನು ಹೇಳಲಿಲ್ಲ. ಹೇಳಿದರೆ ಎಲ್ಲರೆದುರು ಬೈಯುತ್ತಾಳೆ, ಹೇಗೂ ಆರಕ್ಕೆ ಕಟ್ಟಿರುತ್ತಾರೆ ಎಂದುಕೊಂಡೆ. ಅಂದುಕೊಂಡದ್ದಕ್ಕೆ ಸಾಕ್ಷಿ ಇಲ್ಲ. ನನ್ನ ಮಾತನ್ನೇ ನಂಬಬೇಕು ಅಥವಾ ಬಿಡಬೇಕು.

ಐದು ಕಯಾಕ್ ಹೊರಟವು. 7.40ಕ್ಕೆ ಬ್ಯಾಂಕಿನ ಮೇಡಂಗೆ ಮೀನಖಂಡ ಹಿಡಿದುಕೊಂಡಿತು. ಕ್ಯಾಪ್ಟನ್ ಅವರ ಜೊತೆ ಹಿಂದೆ ಉಳಿದಳು. ಮುಂದಿದ್ದ ನಮ್ಮಿಬ್ಬರಿಗೆ, ಮಾವ, ಡ್ರಮ್ ಕಂಡ ತಕ್ಷಣ ನಿಂತ್ಕೊಳ್ಳಿ, ಆಮೇಲೆ ಒಂದು ಹುಟ್ಟೂ ಹಾಕ್ಬೇಡಿ ಎಂದು ಕೂಗಿದಳು. ಇದು ನನ್ನ ಕಿವಿಯಾರೆ ಕೇಳಿದ್ದು. ಅವಳು ಎಚ್ಚರಿಕೆ ಕೊಡಲಿಲ್ಲ ಎನ್ನುವವನು ಅಲ್ಲಿ ಇರಲಿಲ್ಲ.

ಡ್ರಮ್ ಕಣ್ಣಿಗೆ ಕಾಣುವುದಕ್ಕೆ ಮುಂಚೆ ಮೂಗಿಗೆ ಗೊತ್ತಾಗುತ್ತಿತ್ತು. 300 ಮೀಟರ್ ದೂರದ ಕಾಲುಸೇತುವೆ ಬಳಿಯೇ ಎಲ್ಲರ ಹುಟ್ಟೂ ನಿಧಾನವಾಗುತ್ತಿತ್ತು. ಆ ದಿನ ಕಾಲುಸೇತುವೆ ದಾಟಿದರೂ ವಾಸನೆ ಇಲ್ಲ. ನಾನು ಎದೆ ತುಂಬಾ ಗಾಳಿ ಎಳೆದುಕೊಂಡೆ. ಭಾಮೈದ, ಏನ್ ಭಾವ, ನದಿ ಸ್ನಾನ ಮಾಡಿ ಪೌಡರ್ ಹಾಕ್ಕೊಂಡು ಬಂದಂಗಿದೆ ಎಂದ. ಅಕ್ಕ ಇದ್ದಿದ್ರೆ ನಿಮ್ಮನ್ನ ಈ ಜಾಕೆಟ್ಟಲ್ಲಿ ನೋಡಿ ಬಿದ್ದು ಬಿದ್ದು ನಗೋಳು ಎಂದೂ ಹೇಳಿದ. ಇಬ್ಬರೂ ನಕ್ಕೆವು. ತೊಳೆದ ಡ್ರಮ್ಮುಗಳು ಇನ್ನೇನು ಕಾಣುತ್ತವೆ ಎಂದು ನಾನು ಹುಟ್ಟು ಹಾಕುತ್ತಲೇ ಇದ್ದೆ.

7.53ಕ್ಕೆ ಹಿಂದಿನಿಂದ ಮೂರು ಸೀಟಿ ಕೇಳಿದವು. ಬಲಕ್ಕೆ, ಬಲಕ್ಕೆ ಹೋಗಿ ಎಂದು ಕ್ಯಾಪ್ಟನ್ ಕಿರುಚಿದಳು. ಬಲಕ್ಕೆ ನೋಡಿದರೆ ಪಂಪ್‌ಹೌಸಿನ ಬಾಗಿಲು, ನಾನು ಬಿಟ್ಟಂತೆಯೇ ತೆರೆದಿತ್ತು. ಆ ಬಾಗಿಲಿನಿಂದ ನೀರಿಗೆ ಇಳಿಯುವ ಮೆಟ್ಟಿಲ ಸರಪಳಿಯನ್ನು ನಾನು ಹಿಡಿದುಕೊಂಡೆ. ಭಾಮೈದ ನನಗಿಂತ ಸುಮಾರು 20 ಮೀಟರ್ ಮುಂದಿದ್ದ, ನೀರು ಅವನ ದೋಣಿಯನ್ನು ಆಗಲೇ ಹಿಡಿದಿತ್ತು. ಅವನು ಕೂಗಲಿಲ್ಲ. ನನ್ನ ಕಡೆ ತಿರುಗಿ, ಭಾವ, ಡ್ರಮ್ ಎಲ್ಲಿ ಎಂದು ಕೇಳಿದ. ಆಮೇಲೆ ಕಾಣಲಿಲ್ಲ.

ನಾನು ಮೆಟ್ಟಿಲು ಹತ್ತಿ ದಂಡೆಯ ಮೇಲೆ ಒಡ್ಡಿನ ಕೆಳಗಿನವರೆಗೆ ಓಡಿದೆ. ಒಡ್ಡಿನ ಕೆಳಗೆ ನೀರು ಹಿಂದಕ್ಕೆ ಸುತ್ತುತ್ತದೆ, ಬಿದ್ದದ್ದನ್ನು ಬಿಡುವುದಿಲ್ಲ. ನಾನು ಗುರುವಾರ ಸಂಜೆ ಕಳಿಸಿದ ಹೊಲಸು ಎಲ್ಲಿಗೂ ಹೋಗಿರಲಿಲ್ಲ, ಅಲ್ಲೇ ಉರುಳುತ್ತಿತ್ತು. ಭಾಮೈದ ಅದರ ನಡುವೆ ಉರುಳುತ್ತಿದ್ದ. ತಲೆ ಒಮ್ಮೆ ಕಾಣುವುದು, ಆಮೇಲೆ ಡೈಪರ್ ಕಾಣುವುದು, ಆಮೇಲೆ ಕೈ. ಕ್ಯಾಪ್ಟನ್ ದೋಣಿಯನ್ನು ದಂಡೆಗೆ ಹತ್ತಿಸಿ ಓಡಿ ಬಂದು, ಹಗ್ಗದ ಒಂದು ತುದಿ ಕೈಯಲ್ಲಿ ಹಿಡಿದು ಹಗ್ಗ ತುಂಬಿದ ಚೀಲ ಎಸೆದಳು. ಮೊದಲ ಸಲ ತಪ್ಪಿತು. ನಾನು ನೀರಿಗೆ ಇಳಿಯಹೋದೆ. ಮಾವ, ಇಳಿದ್ರೆ ಇಬ್ಬರನ್ನೂ ಎಳೀಬೇಕಾಗುತ್ತೆ, ನನ್ನ ಸೊಂಟ ಹಿಡ್ಕೊಳ್ಳಿ ಎಂದಳು. ಹಿಡಿದುಕೊಂಡೆ. ಎರಡನೇ ಸಲ ಅವನ ಕೈಗೆ ಸಿಕ್ಕಿತು. ಎಳೆದು ಹಾಕಿದಾಗ 7.58. ಅವಳು ಬೆರಳು ಹಾಕಿ ಅವನ ಬಾಯಿಂದ ಮೊದಲು ಪ್ಲಾಸ್ಟಿಕ್ ಚೂರು ತೆಗೆದಳು, ಆಮೇಲೆ ಕೂದಲು. ಆಮೇಲೆ ಅದೇ ಬಾಯಿಗೆ ಬಾಯಿಟ್ಟು ಉಸಿರು ಊದಿದಳು. ಹನ್ನೊಂದನೇ ಸಲಕ್ಕೆ ಅವನು ಕೆಮ್ಮಿದ. ಅವಳು ಪಕ್ಕಕ್ಕೆ ತಿರುಗಿ ವಾಂತಿ ಮಾಡಿಕೊಂಡು, ಬಾಯಿ ಒರೆಸಿಕೊಂಡು, ಮತ್ತೆ ಅವನ ನಾಡಿ ಹಿಡಿದಳು.

ಮ್ಯಾನೇಜರ್ 8.10ಕ್ಕೆ ಬಂದ. ಅವನು ಬಾಯಿಬಿಟ್ಟು ಹೇಳಿದ ಮೊದಲ ಮಾತು, ಆಂಬುಲೆನ್ಸ್ ಬರೋದ್ರೊಳಗೆ ಅವರ ಮೈಮೇಲಿನ ಜಾಕೆಟ್ ಬಿಚ್ಚಿ, ಕಂಪನಿ ಹೆಸರು ಕಾಣುತ್ತೆ ಎಂದು. ಎರಡನೆಯ ಮಾತು ನನಗೆ ಮಾತ್ರ ಕೇಳುವಂತೆ, ಅಂಕಲ್, ಕೀಲಿ ವಿಷಯ ನಮ್ಮಿಬ್ಬರಲ್ಲೇ ಇರಲಿ, ನಿಮ್ಮ ಒಳ್ಳೇದಕ್ಕೇ ಹೇಳ್ತಿದ್ದೀನಿ ಎಂದು. ಹಗ್ಗ ಯಾಕೆ ಕಟ್ಟಿಲ್ಲ ಎಂದೆ. ಫೋಟೋ ಆಗ್ಲಿ ಅಂತಿದ್ದೆ, ಡ್ರಮ್ ಇದ್ರೆ ಸೀನ್ ಹಾಳಾಗುತ್ತೆ ಎಂದ. ಅವನ ಬೂಟಿಗೆ ಕೆಸರು ತಾಗಿರಲಿಲ್ಲ. ಅವನನ್ನು ನೋಡಿ ನನಗೆ ಅಸಹ್ಯವಾಯಿತು. ಆದರೆ ನಾನು ಅವನ ಮಾತಿಗೆ ತಲೆಯಾಡಿಸಿದೆ, ಶುಕ್ರ, ಶನಿ, ಭಾನು ಮೂರು ದಿನ ಬಾಯಿ ಮುಚ್ಚಿಕೊಂಡಿದ್ದೆ. ಆ ಅಸಹ್ಯಕ್ಕೆ ಇಂಗ್ಲಿಷಿನಲ್ಲೂ ಪದ ಸಿಗಲಿಲ್ಲ.

ಆ ಮೂರು ದಿನವೂ ಕ್ಯಾಪ್ಟನನ್ನು ಬೆಳಗ್ಗೆ 9ಕ್ಕೆ ಕರೆಸಿ ಸಂಜೆ 6ರವರೆಗೆ ಠಾಣೆಯ ಬೆಂಚಿನ ಮೇಲೆ ಕೂರಿಸಿದ್ದಾರೆ. ಇವತ್ತೂ ಕರೆಸಿದ್ದಾರೆ. ಭಾಮೈದನಿಗೆ ಶ್ವಾಸಕೋಶದಲ್ಲಿ ಕೀವಾಗಿದೆ. ಎಳೆದು ತೆಗೆದದ್ದು ನೀರಲ್ಲ, ಏನೆಂದು ಲ್ಯಾಬಿನವರು ಹೇಳಬೇಕು ಎಂದರು ಡಾಕ್ಟರು. ನಿನ್ನೆ ಸಂಜೆ 5ಕ್ಕೆ ಅವನು ಕಣ್ಣು ಬಿಟ್ಟ. ಬಾಯಲ್ಲಿ ಕೊಳವೆ ಇರುವುದರಿಂದ ಚೀಟಿಯಲ್ಲಿ, ಆ ಮಗು ಮನೆಗೆ ಹೋಯ್ತಾ ಎಂದು ಬರೆದ. ಮಗು ಎಂದರೆ ಕ್ಯಾಪ್ಟನ್. ಅವನು ಅವಳನ್ನು ಹಾಗೇ ಕರೆಯುವುದು. ನಾನು ಎದ್ದುಬಂದೆ.

ಹಗ್ಗ ತುಂಡಾಗಿಲ್ಲ. ಶನಿವಾರ ಠಾಣೆಯವರು ಅದನ್ನು ಜಪ್ತಿ ಮಾಡಿ ಹದಿನೆಂಟು ಡ್ರಮ್ ಸಮೇತ ಹಿಂದಿನ ಅಂಗಳದಲ್ಲಿ ಹಾಕಿದ್ದಾರೆ. ಕೊಕ್ಕೆಯನ್ನು ನೋಡಿದರೆ ಎತ್ತಿ ತೆಗೆದದ್ದು ಎಂದು ಯಾರಿಗಾದರೂ ತಿಳಿಯುತ್ತದೆ. ಯಾರೂ ನೋಡಿಲ್ಲ, ನಾರುತ್ತದಲ್ಲ. ಕೀಲಿಯನ್ನು ಈ ಹೇಳಿಕೆಯ ಜೊತೆ ಮೇಜಿನ ಮೇಲೆ ಇಟ್ಟಿದ್ದೇನೆ. ಇಷ್ಟು ಬರೆದ ಮೇಲೆ ನೀವು ಸಾಕ್ಷಿ ಆಗಿ ಉಳಿಯಲ್ಲ, ಗೊತ್ತಾ ಎಂದು ಇನ್‌ಸ್ಪೆಕ್ಟರ್ ಸಾಹೇಬರು ಕೇಳಿದರು. ಗೊತ್ತು ಎಂದೆ.

ಮಧ್ಯಾಹ್ನ 1.15ಕ್ಕೆ ಅವರು ಕ್ಯಾಪ್ಟನನ್ನು ಒಳಗೆ ಕರೆಸಿ ನಾನು ಬರೆದದ್ದನ್ನು ಓದಿ ಹೇಳಿದರು. ಅವಳು ನನ್ನ ಮುಖ ನೋಡಲಿಲ್ಲ. ಮೂವತ್ತೈದು ನಿಮಿಷ ಎದುರಿಗೇ ಇದ್ರಲ್ಲ ಮಾವ ಎಂದು ಒಂದು ಮಾತು ಹೇಳಿದಳು. ಆಮೇಲೆ ಇನ್‌ಸ್ಪೆಕ್ಟರ್ ಸಾಹೇಬರಿಗೆ, ಹಾಗಾದ್ರೆ ಈಗ ನದೀಲಿ ಹಗ್ಗ ಇಲ್ವಾ ಸಾರ್, ಇವತ್ತು ಸಂಜೆ ಐದಕ್ಕೆ ಹೊಸ ಗೈಡ್ ಹತ್ತು ಜನರನ್ನ ಇಳಿಸ್ತಾನೆ, ಅವನಿಗೆ ಒಡ್ಡು ಎಲ್ಲಿದೆ ಅಂತಾನೂ ಗೊತ್ತಿಲ್ಲ ಎಂದಳು. ಜಪ್ತಿ ಮಾಲು ಕೋರ್ಟಿನ ಆರ್ಡರ್ ಇಲ್ಲದೆ ಕೊಡಲು ಬರುವುದಿಲ್ಲ ಎಂದರು. ನಿನ್ನನ್ನು ಕಳಿಸುವ ವಿಚಾರ ಬೇಕಾದರೆ ಮೇಲಿನವರನ್ನು ಕೇಳುತ್ತೇನೆ ಎಂದರು. ನನ್ನನ್ನ ಆಮೇಲೆ ಕಳಿಸಿ ಸಾರ್, ಮೊದಲು ಹಗ್ಗ ಕಳಿಸಿ ಎಂದು ಅವಳು ಹೋಗಿ ಮತ್ತೆ ಬೆಂಚಿನ ಮೇಲೆ ಕೂತಳು.

ಆದ್ದರಿಂದ ವಿತ್ ಡ್ಯೂ ರೆಸ್ಪೆಕ್ಟ್ ನನ್ನ ಆರನೆಯ ಅರ್ಜಿ, ಇದನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ: ಆ ಬೆಂಚಿನ ಮೇಲೆ ನನ್ನನ್ನು ಕೂರಿಸಿ. ಅವಳನ್ನೂ ಬಿಡಿ, ಹಗ್ಗವನ್ನೂ ಬಿಡಿ. ಕೊಕ್ಕೆ ಸಿಕ್ಕಿಸುವುದು ಹೇಗೆಂದು ಅವಳಿಗೆ ಗೊತ್ತಿದೆ.

ಮೇಲಿನದು ನಾನು ಕಂಡದ್ದು, ಕೇಳಿದ್ದು, ಮಾಡಿದ್ದು. ಯಾರ ಬೆದರಿಕೆಗೂ ಬರೆದದ್ದಲ್ಲ. ಮೂರು ದಿನ ತಡವಾಗಿದೆ, ಅಷ್ಟು ಬಿಟ್ಟರೆ ಸರಿಯಾಗಿದೆ.

ಸ್ಥಳ: ನದಿ ಬೀದಿ ಠಾಣೆ, ಹಿಂದಿನ ಕೊಠಡಿ
ದಿನಾಂಕ: ಮಾರ್ಚ್ 18, ಸೋಮವಾರ, ಮಧ್ಯಾಹ್ನ 1.50. ಐದು ಗಂಟೆಗೆ ಇನ್ನೂ ಮೂರು ಗಂಟೆ ಹತ್ತು ನಿಮಿಷ ಇದೆ.

(ಸಹಿ)