ಹಳದಿ ವೈರು

ಲೈಟ್ ಆರಿಸ್ರೋ, ಹೇಳ್ತೀನಿ. ಇದು ಕಟ್ಟಿದ ಕಥೆ ಅಲ್ಲ, ನನ್ನ ತಂಗಿ ಮಗ ಓಂಕಾರೇಶನಿಗೇ ಆಗಿದ್ದು. ಅಜ್ಜಂಪುರದಲ್ಲಿ ಟೀವಿ ಕೂರಿಸೋ ಕೆಲಸ ಮಾಡ್ತಾನಲ್ಲ, ಅವನೇ.

ರಾತ್ರಿ ಚೌಳಹಿರಿಯೂರಿಂದ ಬರ್ತಿದ್ದ. ಬೈಕು ಪಂಚರ್, ತಳ್ಕೊಂಡು. ಕತ್ತಲು ಅಂದ್ರೆ ಕತ್ತಲು... ಪಾಳುಬಾವಿ ಹತ್ರ ಬಂದ. ರಾಟೆ ಕಿರ್ರ್... ಕಿರ್ರ್... ಅಂತೈತೆ. ಹಗ್ಗವೇ ಇಲ್ಲದ ರಾಟೆ ಕಣ್ರೋ. ಇವನ ಎದೆ ಡವಡವ ಅಂದಿದ್ದು ತರೀಕೆರೇಲಿ ಮಲಗಿದ್ದ ನಂಗೇ ಕೇಳಿಸ್ತು.

ಬಾವಿಕಟ್ಟೆ ಮೇಲೆ ಯಾರೋ ಕೂತವ್ರೆ. ಇವನು ಮೊಬೈಲ್ ಟಾರ್ಚ್ ಬಿಟ್ಟ. ಪಂಚೆ ಕಾಣ್ತು, ಹೆಗಲ ಮೇಲಿನ ಟವಲ್ಲು ಕಾಣ್ತು. ಮುಖ ಮಾತ್ರ... ಒದ್ದೆ ಬಟ್ಟೇಲಿ ಒರೆಸಿದ ಹಾಗೆ. ಕಣ್ಣೆಲ್ಲಿ, ಮೂಗೆಲ್ಲಿ, ಗೊತ್ತಾಗಲ್ಲ.

"ಯಾರು?" ಅಂದ, ಉಸಿರಲ್ಲೇ.

"ಅವಳ ಕಣ್ಣು ಚೆನ್ನಾಗವೆ ಕಣಪ್ಪಾ..."

ಅಷ್ಟೇ. ಓಡೋದು ಬಿಟ್ಟು ಇವನು ತಲೆ ತಗ್ಗಿಸ್ದ. ನಾಚಿಕೆ. ಯಾಕಂದ್ರೆ...

ಅವತ್ತು ಸಂಜೆ ಚೌಳಹಿರಿಯೂರಲ್ಲಿ ದಾಕ್ಷಾಯಣಮ್ಮ ಅನ್ನೋ ಅಜ್ಜಿ ಮನೇಲಿ ದೊಡ್ಡ ಟೀವಿ ಕೂರಿಸಿದ್ದ. ಗಂಡ ತೀರ್ಥಪ್ಪ ತೀರಿಹೋಗಿ ವರ್ಷ ಆಗಿತ್ತು. ಆ ಮನುಷ್ಯ ಕ್ಯಾಮೆರಾ ಅಂದ್ರೆ ಓಡೋನು. ಮಗಳು ಯಶೋದನ ಮದುವೆ ವಿಡಿಯೋ ಬಿಟ್ರೆ ಎಲ್ಲೂ ಸಿಕ್ಕಿಲ್ಲ. ಅದನ್ನ ನೋಡೋಕೇ ಟೀವಿ ತಂದಿದ್ದು. ವಿಡಿಯೋ ಹಾಕೋ ಡಬ್ಬಿ ಜೊತೆ, ಚಿತ್ರ ಸ್ಪಷ್ಟವಾಗಿ ಬರೋ ಒಳ್ಳೆ ಎಚ್‌ಡಿಎಂಐ ಕೇಬಲ್ ಬಂದಿತ್ತು. ಈ ಪುಣ್ಯಾತ್ಮ ಅದನ್ನ ತನ್ನ ಮನೆಗೆ ಅಂತ ಬ್ಯಾಗಿಗೆ ಇಳಿಸಿ, ಹಳೇ ಕಾಲದ ಕೆಂಪು ಬಿಳಿ ಹಳದಿ ವೈರ್ ಚುಚ್ಚಿದ. ಚಿತ್ರ ಪೂರಾ ಆ ಹಳದಿ ಒಂದರಲ್ಲೇ ಬರಬೇಕು, ಅಷ್ಟು ದೊಡ್ಡ ಟೀವಿಗೆ ಎಲ್ಲಿ ಸಾಕಾಗುತ್ತೆ? ಎಲ್ಲ ಮಬ್ಬು.

"ಇವರ ಮುಖವೇ ಕಾಣಲ್ವಲ್ಲಪ್ಪಾ" ಅಂತು ಅಜ್ಜಿ.

"ನಿಮ್ಮ ಕಣ್ಣಿಗೆ ಪೊರೆ ಬಂದೈತೆ ಅಜ್ಜಿ. ಟೀವಿ ಸರಿಯಾಗೇ ಐತೆ."

ಅಜ್ಜಿ ನಂಬಿಬಿಡ್ತು. ಸೆರಗಲ್ಲಿ ಕಣ್ಣು ಒರೆಸ್ಕೊಂಡು, ತನ್ನ ಕಣ್ಣನ್ನೇ ಬೈಕೊಂಡು, ಇವನಿಗೆ ಕಾಫಿ ಕೊಡ್ತು. ಕುಡಿದು ಬಂದಿದ್ದ.

ಆ ರಾತ್ರಿ ಕಳೆದು ಬೆಳಿಗ್ಗೆ ಅಜ್ಜಿ ಬಾಗಿಲು ತೆಗೆಯೋ ಮುಂಚೆ ಅಲ್ಲಿ ನಿಂತಿದ್ದ. ಪೊರೆ ಇಲ್ಲ ಅಜ್ಜಿ, ಕಳ್ಳ ನಾನು, ಅಂದ. ಅಜ್ಜಿ ಒಳಗೆ ಹೋಗಿ ಮತ್ತೆ ಕಾಫಿ ತಂದು ಕೊಡ್ತು. ಬೈದಿದ್ರೆ ವಾಸಿ ಇತ್ತು ಅಂತಾನೆ ಇವತ್ತಿಗೂ. ವೈರ್ ಕಿತ್ತು ಕೇಬಲ್ ಹಾಕಿದ. ತೀರ್ಥಪ್ಪ ಬಂದ... ಮೀಸೆ ಕೂದಲು ಎಣಿಸಬಹುದು, ಹಾಗೆ. ಅಜ್ಜಿ ಟೀವಿ ಮುಂದೆ ಹೋಗಿ ನೆಲದ ಮೇಲೆ ಕೂತ್ಕೊಂತು. ಬಹಳ ಹೊತ್ತು ನೋಡ್ತು.

"ಕಂಕಣ ಯಾಕೋ ಬೇರೆ ಥರ ಐತಲ್ಲೋ" ಅಂತು.

ಆ ಮನೇಲಿ ಹೆಣ್ಣಿನ ಅಪ್ಪನಿಗೂ ಕಂಕಣ ಕಟ್ತಾರೆ. ಧಾರೆಗೆ ಚಾಚಿದ ಕೈ. ಮಣಿಕಟ್ಟಲ್ಲಿ ಹಳದಿ... ದಾರಕ್ಕಿಂತ ದಪ್ಪ. ಅರಿಶಿನ ಕೊಂಬು ಇರಬೇಕಾದ ಕಡೆ ಟೀವಿಗೆ ಚುಚ್ಚೋ ಪಿನ್ನು ತೂಗಾಡ್ತೈತೆ.

ಓಂಕಾರೇಶ ತಾನು ಕಿತ್ತ ವೈರ್ ಕಡೆ ನೋಡ್ದ.

ಬೇರೇದಕ್ಕೆ ಉಪ್ಪು ಖಾರ ಹಾಕ್ತೀನಿ, ಇದಕ್ಕೆ ಹಾಕಿಲ್ಲ ಕಣ್ರೋ. ಆ ವೈರ್ ನಮ್ಮನೇಲೇ ಐತೆ, ಬನ್ನಿ ತೋರಿಸ್ತೀನಿ. ಕೆಂಪು ಐತೆ. ಬಿಳಿ ಐತೆ.